ಚೀಲದೊಳಗಿನ ಕೈ

ಮೊದಲು ಉಗುರು ಕತ್ತರಿಸಿಕೊ, ದಾಗ್ವಾ.
ಗಡಿಯಾರ ಬಿಚ್ಚಿಡು. ಅದರ ಮುಳ್ಳಿಗೆ ಬಳಿದ ಹಸಿರು ಹೊಳಪೂ
ಈ ಕತ್ತಲೆಗೆ ಹಗಲೇ.
ಚೀಲ ಕೊಡವು, ಒಳಗನ್ನು ಹೊರಗು ಮಾಡಿ ಮತ್ತೆ ಕೊಡವು.
ಒಂದು ಕುರಿಗೂದಲು ಸಾಕು,
ಪರದೆಯ ಮೇಲೆ ಹಗ್ಗವಾಗಿ ತೂಗಾಡಲು.

ಡಬ್ಬಿ ಒಳಗೆ. ಮ್ಯಾಗಜೀನು ಒಳಗೆ.
ಜಿಪ್ಪು ಎಳೆ, ಎರಡನೆಯದನ್ನೂ ಎಳೆ.
ಈಗ ಮೊಣಕೈಯಿಂದಾಚೆ ನೀನಿಲ್ಲ.
ಹೊರಗುಳಿದವನು ಆಕಾಶ ನೋಡುತ್ತಿರಲಿ,
ಅವನಿಗೆ ಬೇರೆ ಕೆಲಸವಿಲ್ಲ.

ಟೇಪು ಸುಲಿ, ಮೆಲ್ಲಗೆ.
ಸುರುಳಿಯ ನಡುವಿಗೆ ಹೆಬ್ಬೆರಳು ಒತ್ತಿ ಹಿಡಿ.
ನಡು ಜಾರಿತೋ, ಅರವತ್ತು ಮೀಟರಿನ ಹಾವು
ನಿನ್ನ ಮಣಿಕಟ್ಟು ಸುತ್ತುತ್ತದೆ.
ಕಿಂಡಿಗೆ ತುದಿ ತೋರಿಸು. ದಬ್ಬಬೇಡ, ತೋರಿಸು.
ಹಲ್ಲು ಕಚ್ಚಿದ ಸದ್ದು
ಕಿವಿಗಲ್ಲ, ಬೆರಳ ಗೆಣ್ಣಿಗೆ ಕೇಳಬೇಕು.
ಮುಚ್ಚಳ. ಕೊಂಡಿ. ಇನ್ನೊಮ್ಮೆ ಕೊಂಡಿ.

ಮಿಕ್ಕದ್ದು ಬೆಳಕಿನ ಕೆಲಸ, ಸುಲಭ.
ಎರಡು ಬೆರಳು ಹಿಡಿಸುವಷ್ಟು ಬಾಗು ಬಿಡು.
ಕಡಿಮೆಯಾದರೆ ಹರಿಯುತ್ತದೆ, ಹೆಚ್ಚಾದರೆ ಉಜ್ಜುತ್ತದೆ,
ಗಂಡಹೆಂಡಿರ ನಡುವೆಯೂ ಇಷ್ಟೇ ಸಡಿಲ ಬೇಕು
ಎನ್ನುತ್ತಿದ್ದರು ನಮ್ಮ ಗೋಂಗೋರ್ ಮೇಷ್ಟ್ರು.
ಮೂರು ಮದುವೆಯಾಗಿದ್ದರು.

ದೋರ್ನೋದ್ ಬಯಲಿನಲ್ಲಿ ಒಂದು ಮಾರ್ಚ್ ತಿಂಗಳು.
ದಿಕ್ಕು ತೋರಲು ಒಂದು ಪೊದೆಯೂ ಇಲ್ಲ.
ಉಗುಳಿದ್ದು ನೆಲ ಮುಟ್ಟುವಷ್ಟರಲ್ಲಿ ಹರಳು.
ಜೀಪಿನ ಮರೆಯಲ್ಲಿ ಮೊಣಕಾಲ ಮೇಲೆ ಚೀಲ ಹರವಿ
ಕೂತಿದ್ದೆ ನಾನು.
ಹತ್ತು ಮಾರು ಆಚೆ ಹಂದ್‌ಸುರೇನ್ ಎಂಬಾಕೆ,
ಕುರಿಯ ಒಡಲೊಳಗೆ ಅವಳ ಬಲಗೈ.
ಮರಿ ಅಡ್ಡ ಸಿಕ್ಕಿತ್ತು.
ಅವಳೂ ಆಕಾಶ ನೋಡುತ್ತಿದ್ದಳು.

ನೋಡಿದವಳು ನನ್ನ ಕಡೆ ತಿರುಗಿ ಕೂಗಿದಳು,
"ನಿಂದೇನು, ಹೆಣ್ಣೋ ಗಂಡೋ?"
ನಗು ಬಂತು. ನಗುವಾಗಲೂ ಕೈ ಅಲುಗಬಾರದು, ತಿಳಿದಿರಲಿ.
"ಕಾಲು ಸಿಕ್ಕಿತಾ?" ಎಂದೆ.
"ಕಿವಿ. ನಿನಗೆ?"
"ತುದಿ ಹುಡುಕುತ್ತಿದ್ದೇನೆ."

ಅಷ್ಟರಲ್ಲಿ ನಿರ್ದೇಶಕನ ಬೊಬ್ಬೆ:
ಬೆಳಕು ಹೋಗುತ್ತಿದೆ, ಬೇಗ, ಇಬ್ಬರೂ ಬೇಗ!
ನಾನು ಎಳೆದೆ. ಒಂದೇ ಒಂದು ಸಲ, ಬಿರುಸಾಗಿ.
ಆ ಒಣ ಚಳಿಯಲ್ಲಿ ಫಿಲ್ಮು ಚಟಪಟ ಅಂದದ್ದು
ಬೆರಳಿಗೆ ಗೊತ್ತಾಯಿತು.
ಬಾಯಿ ಸುಮ್ಮನಿತ್ತು.

ತೊಳೆದು ಬಂದ ಮೇಲೆ ಕಂಡೆವು:
ಹಂದ್‌ಸುರೇನಳ ಹಣೆಯಿಂದ ಹೆಗಲವರೆಗೆ
ಬೆಳ್ಳನೆಯ ಬೋಳು ಮರವೊಂದು,
ಬೇರು ಮೇಲಾಗಿ, ಕೊಂಬೆ ಕೆಳಗಾಗಿ,
ಹನ್ನೊಂದು ಚೌಕಟ್ಟು. ಅರೆಕ್ಷಣ.
ನನ್ನ ಸಂಬಳ ಕತ್ತರಿಸಿದರು, ತುಣುಕನ್ನು ಕತ್ತರಿಸಲಿಲ್ಲ;
ಬೇರೆ ಇರಲಿಲ್ಲ, ಅದೇ ಮರಿ ಎರಡು ಸಲ ಹುಟ್ಟುವುದಿಲ್ಲ.

ಮರುವರ್ಷ ಲಾರಿಯಲ್ಲಿ ಪರದೆ ಹೇರಿಕೊಂಡು
ಅದೇ ಬಯಲಿಗೆ ಹೋದೆವು.
ಒದ್ದೆ ಮರಿ ನಾಲ್ಕು ಕಾಲಿನ ಮೇಲೆ ತಡವರಿಸಿ ನಿಂತಾಗ
ಜನ ಚಪ್ಪಾಳೆ ತಟ್ಟಿದರು.
ತಾಯಿ ಏನಾಯಿತೆಂದು ಚಿತ್ರದಲ್ಲಿಲ್ಲ,
ರೀಲು ಅಲ್ಲಿಗೇ ಮುಗಿದಿತ್ತು.

ಮರವನ್ನು ಹಿಡಿದವಳು ಅವಳೊಬ್ಬಳೇ.
ಹಾಲು ಚಹಾ ಬಗ್ಗಿಸುತ್ತಾ ಕೇಳಿದಳು,
"ನಮ್ಮಲ್ಲಿ ಮರವೇ ಇಲ್ಲ, ಅದೆಲ್ಲಿಂದ ಬಂತು?"
ಚಹಾಕ್ಕೆ ಉಪ್ಪು ಹೆಚ್ಚಾಗಿತ್ತು. ಕುಡಿದೆ.
"ನಾನು ಅವಸರ ಮಾಡಿದೆ" ಎಂದೆ.

ಅವಳು ತನ್ನ ಬಲಗೈಯನ್ನು,
ಯಾರದೋ ಎಂಬಂತೆ,
ತಿರುಗಿಸಿ ತಿರುಗಿಸಿ ನೋಡಿಕೊಂಡಳು.
"ನಾನೂ" ಎಂದಳು.

ಸರಿ, ಕೈ ಹೊರಗೆ ತೆಗೆ, ದಾಗ್ವಾ.
ಬೆವರಿದೆಯಲ್ಲ, ಒರೆಸಿಕೊ.
ಡಬ್ಬಿಯ ಮೇಲೆ ತಾರೀಖು ಬರೆದೆಯಾ?