ತೆಗಿ

ಬ್ಯಾಡಗಿಯೊಳಗ, ಗೋಣಿಚೀಲದ ಅಂಗಡಿ ಅಟ್ಟದ ಮ್ಯಾಲ
ಒಂದು ಟೇಬಲ್ಲು, ಒಂದು ಲ್ಯಾಪ್‌ಟಾಪು, ನಾನು.
ಸುಗ್ಗಿ ಬಂತಂದ್ರ ಕಿಡಕಿ ಮುಚ್ಚಿದ್ರೂ ಘಾಟು ಒಳಗ ಬರತೈತಿ.
ಸೀನಿಕೋತ ಟೈಪ್ ಮಾಡತೀನಿ.

ಅಂಗಡಿಗಳ ಆನ್‌ಲೈನ್ ಖಾತೆ ನೋಡಿಕೊಳ್ಳಾಕ
ಹೊಸಾ ಏಜೆಂಟ್ ಬಂದೈತಿ.
ಪ್ಯಾಟ್ಯಾಗ ಏಜೆಂಟ್ ಅಂದ್ರ ಬಿಳಿ ಟೊಪಗಿ, ಕಿಸೆದಾಗ ಪೆನ್ನು, ಕಮಿಷನ್ನು.
ಇದಕ್ಕ ಚಾನೂ ಬ್ಯಾಡ, ಕಮಿಷನ್ನೂ ಬ್ಯಾಡ.
ಯಾವ ಹತ್ಯಾರ ಏನು ಮಾಡತೈತಿ ಅಂತ
ಬಿಡಿಸಿ ಬರದು ಕೊಟ್ರ ಸಾಕು.
ಬರಿಯಾಕಿ ನಾನು.

ದರ ಬದಲಿಸು: ಕಿಲೋ ಲೆಕ್ಕ ಬೇಕು, ಕ್ವಿಂಟಲ್ ಅಂದ್ರ ತಿರುಗಿ ಕೇಳು.
ಪಾಸ್‌ವರ್ಡ್ ಬದಲಿಸು: ಮಾಲಕರು ಹೂಂ ಅಂದ ಮ್ಯಾಲ ಅಷ್ಟ.
ಇಂಥಾವು ನಲವತ್ತೊಂದು.
ಚಲೋ ಬರದೀನಿ ಅಂತ ಸೊಕ್ಕೂ ಇತ್ತು, ಸುಳ್ಳ್ಯಾಕ ಹೇಳಲಿ.

ಹೋಳಿ ಹುಣ್ಣಿವಿ ಮರುದಿನ
ಫಕ್ಕೀರವ್ವ ಮೋಟೆಬೆನ್ನೂರ
(ತುಂಬು ಬಿಡಸಾಕ ಕೂಲಿಗೆ ಬಂದು, ಈಗ
ತನ್ನ ಹೆಸರಿಲೆ ಖಾರದಪುಡಿ ಮಾರಾಕಿ)
ಫೋನಿಗೆ ಬಾಯಿ ಹಚ್ಚಿ ಅಂದಳಂತ:
ಕಡ್ಡಿಕಾಯಿ ಪುಡಿ ಮಾರಬೇಕು, ನನ್ನ ಹೆಸರಿಲೆ ಖಾತೆ ತೆಗಿ.

ಏಜೆಂಟ್ ನೋಡಿತು. ಆಕಿ ಹೆಸರಿಲೆ ಒಂದು ಖಾತೆ ಇತ್ತು.
ತೆಗೀತು.

ಆರು ವರ್ಷದ ಗಿರಾಕಿ, ಐದೈದು ಚುಕ್ಕಿಯ ಸಾಲು,
ಪುಣೆಯಾಕಿ ಯಾರೋ
ಊಟಕ್ಕ ಕುಂತಾಗ ಅತ್ತೀನ ನೆನಪಾದ್ಲು ಅಂತ ಬರದದ್ದು,
ಎಲ್ಲಾ.

ನಾ ಬರದದ್ದು ತಗದು ನೋಡಿದೆ.
ಅಳಿಸೂ ಹತ್ಯಾರಕ್ಕ: ಖಾತೆ ತೆಗೆಯಲು. ಒಂದ ಸಾಲು.
ಹೊಸಾದಕ್ಕ: ಖಾತೆ ರಚಿಸಲು.
ರಚಿಸು!
ಈ ಪ್ಯಾಟ್ಯಾಗ ಯಾರರೆ ಏನರೆ ರಚಿಸ್ಯಾರೇನು?
ಏಜೆಂಟಿನದು ತಪ್ಪಿಲ್ಲ. ಅದು ನನ್ನ ಮಾತು ನಂಬಿತ್ತು.

ರಾತ್ರಿ ನಿದ್ದಿ ಬರಲಿಲ್ಲ, ಎಣಿಸಿಕೋತ ಬಿದ್ದೆ.
ಬಾಗಲಾ ತೆಗಿ ಅಂದ್ರ ತೆರಿಬೇಕು.
ತುಂಬು ತೆಗಿ ಅಂದ್ರ ಕಿತ್ತು ಒಗಿಬೇಕು.
ಫೋಟೋ ತೆಗಿ ಅಂದ್ರ ಉಳಿಸಿಕೋಬೇಕು.
ಜಗಳಾ ತೆಗಿ ಅಂದ್ರ ಇಲ್ಲದ್ದನ್ನ ಹುಟ್ಟಸಬೇಕು,
ಜೀವಾ ತೆಗಿ ಅಂದ್ರ ಇದ್ದದ್ದನ್ನ ಮುಗಸಬೇಕು.
ಸಾಲಾ ತೆಗಿ, ದೃಷ್ಟಿ ತೆಗಿ, ನೆಪಾ ತೆಗಿ...
ಹುಟ್ಟಿದಾಗಿಂದ ಬಾಯಾಗ ಇಟಗೊಂಡ ಮಾತು,
ಒಮ್ಮೆರೆ ತಿರುವಿ ನೋಡಿರಲಿಲ್ಲ.

ಮುಂಜಾನೆ ಫಕ್ಕೀರವ್ವ ಅಟ್ಟಾ ಹತ್ತಿ ಬಂದಳು.
ಬೈಯೂದು ಬ್ಯಾರೆ, ಬೈಯೂದು ಇರಲಿ, ಬೈದಳು ಖರೆ,
ಆಮ್ಯಾಲ ಚೀಲದ ಗಂಟಿನ ಮ್ಯಾಲ ಕುಂತು
ಏನು ಬರದಿ, ಓದು ಅಂದಳು.
ಓದಿದೆ. ನಲವತ್ತೊಂದೂ.

ಇದನ್ನ ಯಾರರೆ ಕೆಲಸಾ ಹೇಳೂದು ಅಂತಾರೇನವಾ?
ಹೊಸಾ ಹುಡುಗಿ ಕೆಲಸಕ್ಕ ಬಂದ್ರ
ತುಂಬು ಬಿಡಸು ಅಂತ ಹೇಳಿ ಎದ್ದು ಹೋಗತೀನೇನು ನಾನು?
ಕಾಯಿ ಮುರೀಬ್ಯಾಡ ಅಂತೀನಿ. ಬೀಜಾ ಚೆಲ್ಲಬ್ಯಾಡ ಅಂತೀನಿ.
ಕೈ ಕಣ್ಣಿಗೆ ಹಚ್ಚಬ್ಯಾಡ,
ಕೂಸಿಗೆ ಹಾಲು ಕುಡಸೂಮುಂದ ಎರಡು ಸಲ ತೊಳಕೊ.
ಗೊತ್ತಾಗಲಿಲ್ಲಂದ್ರ ಕೇಳು, ಕೇಳಿದ್ರ ಕೂಲಿ ಮುರಿಯೂದಿಲ್ಲ.

ಬಾಯಿ ಮುಚಗೊಂಡು ಬರಕೊಂಡೆ.

ಅಳಿಸು: ಒಮ್ಮೆ ಮಾಡಿದ್ರ ತಿರುಗಿ ಬರೂದಿಲ್ಲ.
ತೆಗಿ ಅಂದಾಗ ಇದನ್ನ ಮುಟ್ಟಬ್ಯಾಡ.
ತೆರೀಬೇಕೋ ಅಳಸಬೇಕೋ ಅಂತ ಕೇಳು.
ಕೇಳಿದ್ರ ಕೂಲಿ ಮುರಿಯೂದಿಲ್ಲ.

ಕಡೀ ಸಾಲು ಏಜೆಂಟಿಗೆ ಯಾಕ ಅಂತ ಮ್ಯಾಲಿನವರು ಕೇಳಿದ್ರು.
ಇರಲಿ ಬಿಡ್ರಿ ಅಂದೆ.

ಕಂಪನಿಗೆ ಹನ್ನೆರಡು ಸಲ ಬರದ ಮ್ಯಾಲ ಖಾತೆ ಬಂತು,
ಚುಕ್ಕಿ ಅರ್ಧಾ ಬಂದ್ವು.
ಪುಣೆಯಾಕಿ ಅತ್ತಿ ಬರಲಿಲ್ಲ.

ಫಕ್ಕೀರವ್ವ ಈಗ ಶುಕ್ರವಾರಕ್ಕೊಮ್ಮೆ ಬರತಾಳ,
ಬರದದ್ದು ಕೇಳತಾಳ, ತಲಿ ಅಲ್ಲಾಡಸತಾಳ,
ಎಷ್ಟೋ ಸಲ ಅಡ್ಡಡ್ಡ.
ನಿನ್ನೆ ಕುಂತಾಕಿನ, ಬೆವರು ಒರಸಿಕೋತ,
ಕಿಡಕಿ ತೆಗಿ ಅಂದಳು.
ಘಾಟು ಬರತೈತಬೇ ಅಂದೆ.
ಬರಲಿ, ಅಂದಳು.