ದಾರಿಖರ್ಚು

ಮೀಟರಿನ ಕಂಬದಿಂದ ಡೋರ್ಕಾಳ ತಗಡಿನ ಗೂಡಿಗೆ
ತೊಂಬತ್ತು ಹೆಜ್ಜೆ. ನನ್ನ ಹೆಜ್ಜೆ ಅಂದರೆ ಸರಿಯಾಗಿ ಒಂದು ಮೀಟರು,
ಒಬುರಾ ಮೇಸ್ತ್ರಿ ಗದರಿ ಗದರಿ ಅಳತೆಗೆ ತಂದದ್ದು.
ಹೋಮಾ ಬೇ ದಂಡೆಯಲ್ಲಿ ಬೆಳಗಿನ ಒಂಬತ್ತಕ್ಕೇ
ಬಲೆಗಳ ಮೇಲೆ ಒಮೆನಾ ಮೀನು ಒಣಗತೊಡಗಿತ್ತು.

ಫ್ರೀಜರಿನ ಬೆನ್ನ ಮೇಲಿನ ಪಟ್ಟಿ ಉಗುಳು ಹಚ್ಚಿ ಒರೆಸಿ ಓದಿದೆ:
ಓಡುವಾಗ ಹದಿನಾರು ಆಂಪಿಯರ್.
"ಅಂಗಡಿಯ ಓಗುಟು ಎರಡೂವರೆ ಸಾಕು ಅಂದ" ಅಂದಳು.
ಕಪ್ಪು ಸುರುಳಿಯನ್ನು ಆಗಲೇ ಕೊಂಡು
ತಲೆಯ ಮೇಲೆ ಹೊತ್ತು ತಂದಿದ್ದಳು.

ಅವನು ಹೇಳಿದ್ದು ಸುಳ್ಳಲ್ಲ.
ಎರಡೂವರೆ ಚದರ ಮಿಲಿಮೀಟರ್ ತಾಮ್ರ
ಹದಿನಾರನ್ನು ಹೊರುತ್ತದೆ, ಸುಡದೆ, ಕರಗದೆ.
ಎಷ್ಟು ದೂರ ಅಂತ ಅವನು ಕೇಳಲಿಲ್ಲ, ಅಷ್ಟೇ.

ಕರೆಂಟಿಗೂ ದಾರಿಖರ್ಚು ಇದೆ ಡೋರ್ಕಾ.
ಇನ್ನೂರ ನಲವತ್ತು ಗಂಟು ಕಟ್ಟಿಕೊಂಡು ಹೊರಟದ್ದು
ಸಣ್ಣ ತಂತಿಯಲ್ಲಿ ಭುಜ ಉಜ್ಜಿಕೊಂಡು
ನಿನ್ನ ಬಾಗಿಲು ಮುಟ್ಟುವ ಹೊತ್ತಿಗೆ
ಇಪ್ಪತ್ತಾರು ವೋಲ್ಟ್ ಖೋತಾ.
ಅದೂ ಮೋಟಾರು ಓಡುತ್ತಿರುವಾಗ.
ಹೊರಡುವ ಗಳಿಗೆಯ ಮಾತೇ ಬೇರೆ.
ಕೆಸರಲ್ಲಿ ಕೂತ ದೋಣಿ ನೋಡಿದ್ದೀಯಲ್ಲ,
ಅಲುಗಾಡಿಸಲು ಐದು ಜನ ಬೇಕು,
ನೀರಿಗಿಳಿದ ಮೇಲೆ ಒಬ್ಬ ಹುಡುಗ ಸಾಕು.
ಆ ಐದು ಜನ ಈ ತಂತಿಯಲ್ಲಿ ಬಂದು ಸೇರುವುದಿಲ್ಲ.
ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಬಿಸಿಯಾಗುತ್ತದೆ,
ತಣ್ಣನೆ ಪೆಟ್ಟಿಗೆ ಅಂತ ನಂಬಿ ಮಲಗಿದ ಮೀನು
ಒಳಗೇ ಕೊಳೆಯುತ್ತದೆ.

ಆರು ಚದರ ಬೇಕು ಅಂದೆ. ಬೆಲೆಯನ್ನೂ ಹೇಳಿದೆ.

ಅವಳು ಸೆರಗಿನಂಥ ಲೇಸೋ ಬಟ್ಟೆಯ ತುದಿಯ ಗಂಟನ್ನು
ಬಿಚ್ಚಲಿಲ್ಲ, ಸುಮ್ಮನೆ ಮುಟ್ಟಿ ನೋಡಿಕೊಂಡಳು.
ಹೂಂ ಅಂದುಬಿಡಬಹುದಿತ್ತು ನಾನು.
ಹೋದ ವರ್ಷ ಎಂಬಿಟಾದಲ್ಲಿ ಒಬ್ಬನಿಗೆ ಅಂದಿದ್ದೆ;
ಅವನ ಮೋಟಾರು ಸುಟ್ಟ ವಾರ್ನಿಷ್ ವಾಸನೆ
ಇನ್ನೂ ನನ್ನ ಟೂಲ್ ಚೀಲದಲ್ಲಿದೆ.

ಬಹಳ ಹೊತ್ತು ಅವಳು ಸುರುಳಿ ನೋಡಿದಳು, ಕಂಬ ನೋಡಿದಳು,
ಆಮೇಲೆ ನನ್ನ ಕಾಲು ನೋಡಿದಳು.
"ದೂರದ್ದೇ ತಕರಾರಾದರೆ
ತಂತಿ ಯಾಕೆ ದಪ್ಪ ಆಗಬೇಕು?
ಕಂಬದ ಹತ್ತಿರ ತಂಗಿ ರಿಸ್ಪರಳ ಸಲೂನ್ ಇದೆ,
ಹಿಂದುಗಡೆ ಜಾಗ ಖಾಲಿ. ಪೆಟ್ಟಿಗೆ ಅಲ್ಲಿಗೆ ಹೋಗಲಿ.
ಮೀನು ನಾನು ಹೊರುತ್ತೇನೆ."

ಹನ್ನೆರಡು ಮೀಟರು. ಅದೇ ಎರಡೂವರೆ.
ಮೂರೂವರೆ ವೋಲ್ಟಿನ ಖರ್ಚು.
ಸ್ವಿಚ್ ಒತ್ತಿದೆ, ಒಂದೇ ಏಟಿಗೆ ಎದ್ದಿತು ಮೋಟಾರು;
ಜಡೆ ಹೆಣೆಸಿಕೊಳ್ಳುತ್ತಿದ್ದ ಹೆಂಗಸು ಬೆಚ್ಚಿ
ಕನ್ನಡಿಯಲ್ಲೇ ನನ್ನನ್ನು ಬೈದಳು.
ಉಳಿದ ಸುರುಳಿಯನ್ನು ಓಗುಟುವಿಗೇ ವಾಪಸು ಮಾರಿದಳು ಡೋರ್ಕಾ,
ಅರ್ಧ ಗಂಟೆ ಜಗಳವಾಡಿ.

ಸಂಜೆ ದೋಣಿಗಳು ಬಂದವು.
ತಲೆ ಮೇಲೆ ಬೇಸಿನ್ ಹೊತ್ತು ಅವಳು ಏರು ಹತ್ತಿದಳು,
ಇಳಿದಳು, ಮತ್ತೆ ಹತ್ತಿದಳು.
ದಂಡೆಯಿಂದ ಸಲೂನಿನ ತನಕ
ಮಣ್ಣಿನಲ್ಲಿ ತೊಟ್ಟು ತೊಟ್ಟಾಗಿ ಒಂದು ಒದ್ದೆ ಗೆರೆ.

ಕೊನೆಯ ಬೇಸಿನ್ ಇಳಿಸಿ, ಕತ್ತು ನೀವಿಕೊಂಡು,
"ಎಷ್ಟಾಯಿತು?" ಅಂದಳು.
ಹನ್ನೆರಡು ಮೀಟರಿನ ಕೂಲಿ ಅಂದೆ.
ಅದರಲ್ಲೂ ಒಂದಿಷ್ಟು ಮುರಿದುಕೊಂಡೇ ಕೊಟ್ಟಳು.