ಜ್ವರಕ್ಕೆ ಕೂತ ಊರು

ಪಹಣಿಯ ಸರ್ವರ್ ಹತ್ತೂಕಾಲಿಗೇ ಮಲಗಿತು.
ಬೆಂಚಿನ ಮೇಲೆ ಏಳು ಜನ, ಕೈಯಲ್ಲಿ ಆಧಾರು.
ಹೊರಗೆ, ಗೂಡು ಮಾರಿ ಬರುವ ಆಟೋಗಳ ಖಾಲಿ ಚೀಲ,
ಬೆಂದ ಹುಳದ ವಾಸನೆ:
ಶಿಡ್ಲಘಟ್ಟದ ಗಾಳಿಗೆ ಅದೇ ಉಪ್ಪು.
ಬರುತ್ತಾ ಮೇಡಂ?
ಬರುತ್ತೆ, ಕೂತ್ಕೊಳ್ಳಿ.
ದಿನಕ್ಕೆ ನಲವತ್ತು ಸಲ ಆಡುವ ಮಾತು ಇದು.

ಮೂಲೆಯ ಮಷೀನು ಅಂಗಡಿ ಸೈಬರ್ ಆಗಿದ್ದ ಕಾಲದ್ದು.
ಗಂಟೆಗೆ ಹದಿನೈದು ಕೊಟ್ಟು ಹುಡುಗರು ಆಡುತ್ತಿದ್ದ
ಬಿಟ್ಟಿ ಆಟದ ಗುರುತು, ಕತ್ತಿಯ ಮೇಲೊಂದು ಕಾಗೆ,
ಪರದೆಯ ತುದಿಯಲ್ಲಿ ಇನ್ನೂ ಕೂತಿತ್ತು.
ಒತ್ತಿದೆ, ಸುಮ್ಮನೆ.
ಸರ್ಕಾರದ್ದು ಮಲಗಿದ ಹೊತ್ತಲ್ಲಿ
ಯಾವುದೋ ದೇಶದ, ಯಾರೂ ಕಾಸು ಕೊಡದ ಆ ಸರ್ವರ್
ಎದ್ದು ಕೂತು ನನ್ನ ಹೆಸರು ಕೇಳಿತು.

ಸರ್ವಮಂಗಳ ಎಂದು ಹೊಡೆದೆ. ಉದ್ದವಾಯಿತಂತೆ.
ಮಂಗಳ. ಆಗಲೇ ಯಾರೋ ಇಟ್ಟುಕೊಂಡಿದ್ದಾರಂತೆ.
(ಯಾರಮ್ಮಾ ನೀನು, ನನ್ನ ಹೆಸರು ಹೊತ್ತು ಹೋಗಿ
ಯಾವ ರಾಕ್ಷಸನ ಕೈಲಿ ಎಷ್ಟು ಸಲ ಸತ್ತೆ?)
ಕೊನೆಗೆ ಚಂದ್ರಿಕೆ. ಬೆಳದಿಂಗಳಲ್ಲ,
ಹುಳು ಗೂಡು ಕಟ್ಟುವ ಬಿದಿರಿನದು.
ಸಿಕ್ಕಿತು.

ಕೂದಲಿಗೆ ಎಂಟು ಬಣ್ಣ, ಕಿವಿಗೆ ಮೂರು ಬಗೆಯ ಮೊನೆ.
ನಲವತ್ತೆಂಟರ ಮುಖ ಮಾತ್ರ ಆ ಪಟ್ಟಿಯಲ್ಲಿಲ್ಲ.
ಇರಲಿ, ಇಪ್ಪತ್ತರವಳಾಗಿ ಇಳಿದೆ,
ಮೊಣಕಾಲು ನೋಯದೆ ಮೆಟ್ಟಿಲು ಹಾರಿ.

ಸಾವಿರ ಜನಕ್ಕೆಂದು ಕಟ್ಟಿದ ಪೇಟೆ.
ಬಾವಿ ಇದೆ, ಕುಲುಮೆ ಇದೆ, ಕುದುರೆ ಕಟ್ಟುವ ಗೂಟಗಳಿವೆ.
ಜನವಿಲ್ಲ.
ಕಮ್ಮಾರನೊಬ್ಬ ಅಂದ: ಬಾ ದಾರಿಹೋಕನೇ, ಏನು ಬೇಕು?
ಒಂದು ಸುತ್ತು ಹೊಡೆದು ಬಂದೆ.
ಬಾ ದಾರಿಹೋಕನೇ, ಏನು ಬೇಕು?
ಬರುತ್ತೆ, ಕೂತ್ಕೊಳ್ಳಿ, ಎಂದೆ ನಾನೂ.

ಬೆಂಚು ಬಿಟ್ಟು ಮಳ್ಳೂರಿನ ಮುನಿವೆಂಕಟಮ್ಮ
ಬೆನ್ನ ಹಿಂದೆ ಬಂದು ನಿಂತಿದ್ದಳು, ಎಲೆ ಅಡಿಕೆ ಉಸಿರು.
ಹತ್ತು ತೋಳ ಕೊಂದು ಬಾ ಅಂತ ಬರೆದಿದೆ, ಎಂದೆ.
ಯಾಕಂತೆ, ಕುರಿ ಹಿಡಿದವಾ?
ಇಲ್ಲಿ ಕುರಿಯೇ ಇಲ್ಲ.
ಮತ್ತೆ ನಿನಗೇನು ಬಂತು ಕೇಡು?
ಉತ್ತರ ಇರಲಿಲ್ಲ. ಮೂರು ಕೊಂದಿದ್ದೆ.
ನಾಲ್ಕನೆಯದು ಹಾರಿತು. ಹಾರಿದ್ದು ಇಳಿಯಲಿಲ್ಲ.
ತೋಳ ಗಾಳಿಯಲ್ಲಿ, ಕತ್ತಿ ತಲೆಯ ಮೇಲೆ,
ಹುಲ್ಲಿನ ಎಸಳೂ ಅಲ್ಲಾಡದೆ ನಿಂತಿತು ಲೋಕ.

ಸತ್ತೋಯ್ತಾ?
ಗೊತ್ತಿಲ್ಲಮ್ಮ.
ಅವಳು ಬಗ್ಗಿ ನೋಡಿದಳು, ತಟ್ಟೆಯ ಹುಳು ನೋಡುವ ಹಾಗೆ,
ಮೂಗು ಗಾಜಿಗೆ ತಾಗುವಷ್ಟು ಹತ್ತಿರ.
ಸತ್ತಿಲ್ಲ ಬುಡು, ಜ್ವರಕ್ಕೆ ಕೂತದೆ.
ನಾಲ್ಕನೇ ಜ್ವರಕ್ಕೆ ನಮ್ಮ ಹುಳ ಕೂರಲ್ವಾ
ತಲೆ ಎತ್ಕಂಡು? ಹಂಗೆ.
ಮುಟ್ಟಬಾರ್ದು. ಸೊಪ್ಪು ಹಾಕಬಾರ್ದು.
ಪೊರೆ ಬುಟ್ಟು ತಾನೇ ಏಳ್ತದೆ.

ನಾನು ಕೈ ತೆಗೆದೆ. ಕಾದೆವು.
ಎದ್ದಿತು. ಎದ್ದ ಕೂಡಲೇ ತೋಳ ನನ್ನನ್ನು ತಿಂದಿತು.
ಮುನಿವೆಂಕಟಮ್ಮ ನಕ್ಕ ನಗೆಗೆ
ಬೆಂಚಿನ ಆರು ಜನವೂ ತಿರುಗಿದರು.

ಸತ್ತವರು ಬಾವಿಯ ಬಳಿ ಏಳುತ್ತಾರೆ, ಅದು ಅಲ್ಲಿಯ ನಿಯಮ.
ಎದ್ದರೆ ಪಕ್ಕದಲ್ಲೊಬ್ಬ: ಬೂದು ನಿಲುವಂಗಿ,
ನೆತ್ತಿಯ ಮೇಲೆ ಹಸಿರು ಹೆಸರು.
ಹಸಿರೆಂದರೆ ನಿಜದ ಮನುಷ್ಯ,
ಎಲ್ಲೋ ಒಂದು ಕುರ್ಚಿ, ಎಲ್ಲೋ ಒಂದು ಕೀಲಿಮಣೆ.
ನಮಸ್ಕಾರ ಮಾಡಿದೆ.
ಊಟಕ್ಕೆ ಹೋಗಿದ್ದೇನೆ, ಈಗ ಬಂದೆ.
ಮತ್ತೆ ಮಾಡಿದೆ.
ಊಟಕ್ಕೆ ಹೋಗಿದ್ದೇನೆ, ಈಗ ಬಂದೆ.
ಯಾವತ್ತು ಹೋದನೆಂದು ಎಲ್ಲೂ ಬರೆದಿಲ್ಲ.
ಯಾವ ಊರ ಹುಡುಗ? ಎಂದಳು ಅವಳು.
ಎಷ್ಟು ಸಣ್ಣಗಾಗವ್ನೆ.

ಒಂದೂ ನಲವತ್ತಕ್ಕೆ ಪಹಣಿ ಎದ್ದಿತು.
ಬೆಂಚಿಗೆ ಬೆಂಚೇ ಎದ್ದು ಬಂತು ನನ್ನ ಮೇಲೆ,
ಸರ್ವೆ ನಂಬರು, ಒಟಿಪಿ, ಚಿಲ್ಲರೆ ಇಲ್ಲ, ಪ್ರಿಂಟರಿನ ಕೆಮ್ಮು.
ಮುನಿವೆಂಕಟಮ್ಮ ಇಪ್ಪತ್ತೈದು ಎಣಿಸಿ ಕೊಟ್ಟಳು,
ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಚೀಲಕ್ಕೆ ಸೇರಿಸಿದಳು.
ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು, ಬಾಗಿಲಲ್ಲೇ:
ಅವನ ಊಟ ಆಯ್ತಂತಾ?

ಮೂಲೆಗೆ ಹೋಗಿ ನೋಡಿದೆ.
ಬಾವಿ ಇರಲಿಲ್ಲ. ಕಪ್ಪು ಪರದೆಯ ಮೇಲೆ ಎರಡು ಸಾಲು:
ಬಹಳ ಹೊತ್ತಿನಿಂದ ನೀವು ಅಲ್ಲಾಡಿಲ್ಲ,
ಆದ್ದರಿಂದ ಹೊರಗೆ ಕಳಿಸಲಾಗಿದೆ.